ಮನೆ ಅಳಿಯನ ಐಟಂ

ಹೊಟ್ಟೆಪಾಡಿಗೆ ರಿಕ್ಷಾ ಓಡಿಸುತ್ತೇನೆ, ಹೊಟ್ಟೆಕಿಚ್ಚಿಗೆ ಮಿಮಿಕ್ರಿ ಮಾಡುತ್ತೇನೆ. ದೇವರು ನನಗೆ ಕೊಟ್ಟ ಸ್ವರ ಒಡೆದ ಹಾರ್ನಿನದ್ದು. ಮುಖವೂ ಅದಕ್ಕೆ ಸರಿಯಾಗಿಯೇ ಉಂಟು. ಹಾಗಾಗಿ ಒಳ್ಳೆಯ ಸ್ವರ ಇದ್ದವರನ್ನು ಕಂಡರೆ ನನಗೆ ಆಗುವುದಿಲ್ಲ. ಎರಡು ದಿನ ಕಿವಿಗೊಟ್ಟು ಕೇಳಿ ಮೂರನೆಯ ದಿನ ಕದ್ದುಬಿಡುತ್ತೇನೆ. ಪುಂಜಾಲಕಟ್ಟೆಯ ರಿಕ್ಷಾ ಸ್ಟ್ಯಾಂಡಿನಲ್ಲಿ ನನ್ನ ಬಾಯಿಗೆ ಬೀಳದವರು ಯಾರೂ ಇಲ್ಲ. ನನ್ನ ಬೆನ್ನ ಹಿಂದೆ ನನ್ನದೇ ನಕಲು ಮಾಡುವವರೂ ಇದ್ದಾರಂತೆ. ಕೇಳಿದವರು ಚೆನ್ನಾಗಿಲ್ಲ ಎಂದಿದ್ದಾರೆ. ಮೂಲವೇ ಹಾಗಿರುವಾಗ ಅವರಾದರೂ ಎಂತ ಮಾಡಿಯಾರು!

ನಮ್ಮ ಕಡೆ ಮದುವೆಯ ಹಿಂದಿನ ಸಂಜೆ ಮೆಹಂದಿ ಎಂದು ಒಂದು ಕಾರ್ಯಕ್ರಮ ಇರುತ್ತದೆ. ಮದರಂಗಿ ಹಚ್ಚಿಕೊಳ್ಳುವವರು ನಾಲ್ಕು ಜನ, ಕೋಳಿಸುಕ್ಕಕ್ಕೆ ಕಾಯುವವರು ನಾನೂರು ಜನ. ಸುಕ್ಕ ಬೇಯುವ ತನಕ ಆ ನಾನೂರು ಜನರನ್ನು ಕುರ್ಚಿಯಲ್ಲಿ ಹಿಡಿದು ಕೂರಿಸಬೇಕಲ್ಲ, ಅದಕ್ಕೆ ನನ್ನನ್ನು ಕರೆಯುತ್ತಾರೆ. ಬಂಟ್ವಾಳದಿಂದ ಬೆಳ್ತಂಗಡಿಯವರೆಗೆ, ಆ ಕಡೆ ಮೂಡುಬಿದಿರೆಯವರೆಗೆ ನನ್ನ ಹೆಸರು ಓಡಿದ್ದು ಒಂದೇ ಐಟಮ್ಮಿನಿಂದ. ಅದು ಧಾರಾವಾಹಿಯ ಮನೆ ಅಳಿಯ.

ನೀವು ನೋಡಿರುತ್ತೀರಿ. ಹೆಂಡತಿಯ ಮನೆಯಲ್ಲೇ ಬಿಡಾರ ಹೂಡಿದ ಗಂಡಸು. ಯಾವ ಚಾನೆಲ್ಲಿನಲ್ಲಾದರೂ ಅವನಿಗೆ ಮೂರೇ ಕೆಲಸ: ತಿನ್ನುವುದು, ತೂಕಡಿಸುವುದು, ಅತ್ತೆ ಕೆಮ್ಮಿದರೆ ಎದ್ದು ನಿಲ್ಲುವುದು. ನಾನು ಹೆಗಲಿಗೆ ಹೆಂಗಸರ ಬ್ಯಾಗು ಹಾಕಿಕೊಂಡು, ಬಾಯಲ್ಲಿ ಬಾಳೆಹಣ್ಣು ತುರುಕಿಕೊಂಡು ವೇದಿಕೆಗೆ ಬರುತ್ತಿದ್ದೆ. ಮೈಕಿನಲ್ಲಿ ನಾನೇ ಅತ್ತೆಯಾಗಿ ಕೆಮ್ಮುತ್ತಿದ್ದೆ, ನಾನೇ ಅಳಿಯನಾಗಿ ಹಾರಿ ನಿಲ್ಲುತ್ತಿದ್ದೆ. ಜನ ಕುರ್ಚಿ ಬಡಿಯುತ್ತಿದ್ದರು. ಅಷ್ಟರಲ್ಲಿ ಸುಕ್ಕ ಬೇಯುತ್ತಿತ್ತು.

ಈ ವಿದ್ಯೆಯೆಲ್ಲ ನಮ್ಮ ಮನೆಯ ಚಾವಡಿಯದ್ದು. ಅಮ್ಮ ಬೀಡಿ ಕಟ್ಟುತ್ತಾಳೆ. ಮಧ್ಯಾಹ್ನ ಅಕ್ಕಪಕ್ಕದ ಹೆಂಗಸರೂ ತಡ್ಪೆ ಹಿಡಿದುಕೊಂಡು ಬಂದು ಸುತ್ತ ಕೂರುತ್ತಾರೆ. ತಡ್ಪೆ ಎಂದರೆ ಗೆರಸೆ; ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು. ಕಣ್ಣು ಟಿ.ವಿ.ಯಲ್ಲಿ, ಕೈ ತಡ್ಪೆಯಲ್ಲಿ. ಕೈಯನ್ನು ಯಾರೂ ನೋಡುವುದಿಲ್ಲ, ಆದರೂ ಬೀಡಿ ಸೊಟ್ಟಗಾಗುವುದಿಲ್ಲ. ಒಂದು ದಿನ ಸೊಸೆಯ ಕೆನ್ನೆಗೆ ಗಂಡ ಕೈ ಎತ್ತಿದ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು. ಹೆಂಗಸರು ವಿದ್ಯುತ್ ಇಲಾಖೆಯ ವಂಶವನ್ನು ಶಪಿಸುತ್ತಿದ್ದಾಗ ನಾನು ಕಪ್ಪು ಪರದೆಯ ಪಕ್ಕ ನಿಂತು ಆ ಕಂತನ್ನು ಎಲ್ಲರ ಸ್ವರದಲ್ಲೂ ಮುಗಿಸಿಕೊಟ್ಟೆ. ನನ್ನ ಕಂತಿನಲ್ಲಿ ಸೊಸೆ ಆ ಕೈಯನ್ನು ಗಾಳಿಯಲ್ಲೇ ಹಿಡಿದು, ‘ಮೊದಲು ಈ ಕೈ ತೊಳ್ಕೊಂಡು ಬನ್ನಿ, ಊಟ ಮಾಡಿದ್ದು ಹಾಗೇ ಉಂಟು’ ಎಂದಳು. ಹೆಂಗಸರು ನಕ್ಕು ನಕ್ಕು ನೂಲು ಸಿಕ್ಕಾಗಿಸಿಕೊಂಡರು. ಮರುದಿನ ಚಾನೆಲ್ಲಿನವರು ನಿಜವಾದದ್ದನ್ನು ತೋರಿಸಿದರು. ಅವನು ಹೊಡೆದಿದ್ದ. ಅವಳು ಅವನ ಕಾಲು ಹಿಡಿದಿದ್ದಳು.

‘ನಿನ್ನದೇ ಒಳ್ಳೇದಿತ್ತು ಮಾರಾಯ’ ಎಂದರು ಪಕ್ಕದ ಮನೆಯವರು.

ಅಂದಿನಿಂದ ನಾನು ಧಾರಾವಾಹಿಯನ್ನು ಕಳ್ಳ ಬೇಲಿ ನೋಡುವ ಹಾಗೆ ನೋಡತೊಡಗಿದೆ. ಅಲ್ಲಿ ಹೆಂಗಸರು ಮಲಗುವಾಗಲೂ ಚಿನ್ನ ಬಿಚ್ಚುವುದಿಲ್ಲ. ಗಂಡಸರು ಕೋಟು ಹಾಕಿಕೊಂಡು ಮೆಟ್ಟಿಲಿನಲ್ಲಿ ನಿಂತಿರುತ್ತಾರೆ. ಆಫೀಸಿಗೆ ಹೋದದ್ದನ್ನು ಕಂಡವರಿಲ್ಲ. ಪಾತ್ರೆ ತೊಳೆಯುವ ದೃಶ್ಯ ಬಂದರೆ ಯಾರಿಗೋ ಶಿಕ್ಷೆಯಾಗಿದೆ ಎಂದು ಲೆಕ್ಕ. ಸ್ವಂತ ದುಡಿಯುವ ಹೆಂಗಸಿಗೆ ಕತ್ತರಿಸಿದ ಕೂದಲು, ಓರೆ ನಗು. ಅವಳು ಹಾಲಿಗೆ ಏನಾದರೂ ಬೆರೆಸದೆ ಬಿಡುವುದಿಲ್ಲ. ನಮ್ಮ ಚಾವಡಿಯಲ್ಲಿ ಕೂತವರೆಲ್ಲ ಸ್ವಂತ ದುಡಿಯುವ ಹೆಂಗಸರೇ. ದುಡಿಯುತ್ತಾ ಕೂತೇ ‘ಅವಳೊಬ್ಬಳು ಹಾಳು’ ಎಂದು ಬೈಯುತ್ತಿದ್ದರು.

ಸೋದರಮಾವನೂ ಬರುತ್ತಿದ್ದರು. ನಮ್ಮದು ತಾಯಿಯ ಕಡೆಯಿಂದ ನಡೆಯುವ ಮನೆ. ಬಳಿ, ಅಂದರೆ ವಂಶದ ಹೆಸರು, ತಾಯಿಯದ್ದು, ಮನೆ ಹೆಣ್ಣುಮಕ್ಕಳದ್ದು, ಮಾತು ಮಾವನದ್ದು. ಮಾವ ಪಕ್ಕದ ಜಾಗದಲ್ಲಿ ಬೇರೆ ಮನೆ ಕಟ್ಟಿಕೊಂಡಿದ್ದರೂ ಮಧ್ಯಾಹ್ನಕ್ಕೆ ಸರಿಯಾಗಿ ನಮ್ಮ ಚಾವಡಿಯಲ್ಲಿ ಹಾಜರು. ‘ಹೆಂಗಸರ ಸೀರಿಯಲ್ ನನಗೆಂತಕ್ಕೆ? ವಾರ್ತೆ ನೋಡ್ಲಿಕ್ಕೆ ಬಂದದ್ದು’ ಎನ್ನುತ್ತಿದ್ದರು. ವಾರ್ತೆ ಶುರುವಾದೊಡನೆ ಎದ್ದು ಹೋಗುತ್ತಿದ್ದರು.

ಹುಡುಗಿ ಸಿಕ್ಕಿದ್ದು ವೇಣೂರಿನ ಒಂದು ಮೆಹಂದಿಯಲ್ಲಿ. ಮದುಮಗಳ ರವಿಕೆಯ ಹುಕ್ಕು ಕಿತ್ತುಹೋಗಿ ಹೊಲಿದವಳನ್ನೇ ಕರೆಸಿದ್ದರು. ನನ್ನ ಐಟಂ ಮುಗಿಯಿತು, ಜನ ಕುರ್ಚಿ ಬಡಿದರು. ಕೆಳಗಿಳಿದು ಬರುವಾಗ ಬಾಯಲ್ಲಿ ಸೂಜಿ ಕಚ್ಚಿಕೊಂಡಿದ್ದ ಅವಳು ಅದನ್ನು ತೆಗೆದು ಹೇಳಿದಳು:

‘ಸೀರಿಯಲ್‌ನ ಅಳಿಯನ ಶರ್ಟಿಗೆ ಕಿಸೆ ಇಲ್ಲ, ನೋಡಿದ್ದೀರಾ? ನೀವು ಕಿಸೆಯಿಂದ ಬಾಚಣಿಗೆ ತೆಗೆದ್ರಿ. ಅದು ತಪ್ಪು.’

‘ಕಿಸೆ ಯಾಕಿಲ್ಲ?’

‘ಹಾಕ್ಲಿಕ್ಕೆ ದುಡ್ಡಿಲ್ಲದ ಗಂಡಸಿಗೆ ಕಿಸೆ ಎಂತಕ್ಕೆ ಅಂತ ಇರ್ಬೇಕು.’

ಇಂಥ ವಿಮರ್ಶೆ ನನಗೆ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ಆಮೇಲೆ ವೇಣೂರಿಗೆ ಬಾಡಿಗೆ ಸಿಕ್ಕಿದರೆ ಬೇರೆಯವರ ಸರದಿಯನ್ನೂ ಬೇಡಿ ತೆಗೆದುಕೊಂಡು ಹೋಗುತ್ತಿದ್ದೆ.

ಪೇಟೆಯಲ್ಲಿ ಅವಳದ್ದು ಸಣ್ಣ ಟೈಲರ್ ಅಂಗಡಿ, ಹಿಂದೆಯೇ ಮನೆ. ಅವಳು ಕತ್ತರಿಸಿ ಹೊಲಿಯುತ್ತಾಳೆ. ಅವಳ ಅಮ್ಮ ಹುಕ್ಕು, ಕಾಜ, ಅಂಚು ನೋಡಿಕೊಳ್ಳುತ್ತಾರೆ. ಒಬ್ಬರಿಲ್ಲದಿದ್ದರೆ ಇನ್ನೊಬ್ಬರ ಕೆಲಸ ನಿಲ್ಲುತ್ತದೆ. ಗಿರಾಕಿಗಳು ಮೊಬೈಲಿನಲ್ಲಿ ಧಾರಾವಾಹಿಯ ಫೋಟೊ ಹಿಡಿದುಕೊಂಡು ಬಂದು ‘ಇದೇ ತೋಳು ಬೇಕು’ ಎನ್ನುತ್ತಿದ್ದರು. ಯಾರ ತೋಳು ಎಂದು ಬಗ್ಗಿ ನೋಡಿದರೆ ಹಾಲಿಗೆ ಬೆರೆಸುವವಳದ್ದು!

‘ಒಳ್ಳೆ ಸೊಸೆಯ ರವಿಕೆ ಕೇಳಿಕೊಂಡು ಯಾರೂ ಬರುದಿಲ್ಲ’ ಎಂದಳು ಅವಳು. ‘ಕಣ್ಣೀರು ಅವಳಿಗೆ, ಅಳತೆ ಇವಳಿಗೆ. ಬಾಯಲ್ಲಿ ಹೇಳುದು ಬೇರೆ, ಬಟ್ಟೆ ಹೇಳುದು ಬೇರೆ.’

ಒಂದು ಮಧ್ಯಾಹ್ನ ನಾನು ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಧೈರ್ಯ ಸಾಲದೆ ಧಾರಾವಾಹಿಯ ನಾಯಕನ ಸ್ವರದಲ್ಲಿ ಕೇಳಿದೆ. ಅವಳು ಮಿಷನಿನ ಚಕ್ರವನ್ನು ಕೈಯಲ್ಲಿ ಹಿಡಿದು ನಿಲ್ಲಿಸಿದಳು.

‘ಮದುವೆ ಆಗುವ. ಆದರೆ ನಾನು ಇಲ್ಲಿಂದ ಬರುದಿಲ್ಲ. ನೀವು ಬನ್ನಿ.’

ನಾನು ನಕ್ಕೆ. ಅತ್ತೆಯಾಗಿ ಕೆಮ್ಮಿದೆ, ಅಳಿಯನಾಗಿ ಎದ್ದು ನಿಂತೆ. ಅವಳು ನಗಲಿಲ್ಲ.

‘ನಗಾಡಿ ಆಯ್ತಾ? ಈಗ ಹೇಳಿ.’

‘ಮನೆ ಅಳಿಯ ಆಗುದಾ? ಊರಿಡೀ ಆ ಐಟಂ ಮಾಡುವವನೇ ನಾನು ಮಾರಾಯ್ತಿ!’

‘ಒಳ್ಳೇದೇ ಆಯ್ತಲ್ಲ. ಪ್ರಾಕ್ಟೀಸ್ ಉಂಟು.’ ಆಮೇಲೆ ಸಾವಕಾಶ ಕೇಳಿದಳು, ‘ನಿಮ್ಮ ಅಪ್ಪನ ಊರು ಯಾವುದು?’

‘ನೆರಿಯ.’

‘ಈಗ ಎಲ್ಲಿರ್ತಾರೆ?’

‘ಮನೆಯಲ್ಲಿ.’

‘ಯಾರ ಮನೆಯಲ್ಲಿ?’

ಅಪ್ಪ ಕೆಂಪುಕಲ್ಲಿನ ಮೇಸ್ತ್ರಿ. ಮದುವೆಯಾದ ಮೇಲೆ ಕರಣಿ, ತೂಕದಗುಂಡು ಕಟ್ಟಿಕೊಂಡು ನೆರಿಯದ ಕಾಡಂಚಿನಿಂದ ಅಮ್ಮನ ಮನೆಗೆ ಬಂದವರು ಅಲ್ಲೇ ಉಳಿದರು. ಇದು ಮುಚ್ಚಿಟ್ಟ ಸಂಗತಿಯಲ್ಲ. ಊರಿಗೆಲ್ಲ ಗೊತ್ತು, ನನಗೂ ಗೊತ್ತು. ಅಜ್ಜಿಗೆ ಮನೆ ಇತ್ತು, ಅಮ್ಮನಿಗೆ ಮನೆ ಬಂತು, ಅಪ್ಪ ಬಂದರು. ಅದಕ್ಕೊಂದು ಹೆಸರಿಡಬೇಕೆಂದು ಯಾರಿಗೂ ತೋಚಿರಲಿಲ್ಲ. ಮನೆ ಅಳಿಯ ಎಂಬ ಪ್ರಾಣಿ ಟಿ.ವಿ.ಯೊಳಗೆ ಮಾತ್ರ ಇರುವುದು ಎಂದು ನಾವು ತಿಳಿದಿದ್ದೆವು. ಆ ಪ್ರಾಣಿಯನ್ನು ನೋಡಿ ನಗುವಾಗ ಅಪ್ಪನೂ ಅದೇ ಚಾವಡಿಯ ಮೂಲೆಯಲ್ಲಿ ಚಾ ಕುಡಿಯುತ್ತಾ ಕೂತಿರುತ್ತಿದ್ದರು. ಅವರೂ ನಗುತ್ತಿದ್ದರು.

‘ಬರ್ತೇನೆ’ ಎಂದೆ. ಯಾರ ಸ್ವರದಲ್ಲಿ ಎಂದು ನೆನಪಿಲ್ಲ.

‘ಎಲ್ಲಿಗೆ? ಈಗ ಹೊರಟದ್ದಾ?’

‘ಇಲ್ಲಿಗೇ. ಇರ್ಲಿಕ್ಕೆ.’

ಹೇಳುವುದು ಸುಲಭ. ಮನೆಯಲ್ಲಿ ಮಾವ ಟಿ.ವಿ.ಯ ಸ್ವರ ಸಣ್ಣ ಮಾಡಿ ಕುರ್ಚಿಯನ್ನು ನನ್ನ ಕಡೆ ತಿರುಗಿಸಿ ಕೂತರು. ಅಮ್ಮ ತಡ್ಪೆಯಿಂದ ತಲೆ ಎತ್ತಲಿಲ್ಲ. ಅಪ್ಪ ಜಗಲಿಯ ಕೆಳಗೆ ಕೈಗೆ ಹತ್ತಿದ್ದ ಸಿಮೆಂಟು ತೊಳೆಯುತ್ತಿದ್ದರು.

‘ನೋಡಿ ಮಾವ, ನಾನು ಯೋಚನೆ ಮಾಡಿಯೇ ಹೇಳುದು’ ಎಂದು ಶುರು ಮಾಡಿದೆ.

‘ಇದು ಯಾರ ಸ್ವರ?’

‘ನನ್ನದೇ.’

‘ಹೆದರಿಸ್ಬೇಡ ಮಾರಾಯ. ಸರಿ ಮಾತಾಡು.’

‘ಸರಿಯಾಗಿಯೇ ಮಾತಾಡುದು. ಮದುವೆ ಆದ್ಮೇಲೆ ನಾನು ವೇಣೂರಿಗೆ ಹೋಗ್ತೇನೆ. ಅವಳ ಅಂಗಡಿ ಅಲ್ಲುಂಟು. ರಿಕ್ಷಾಕ್ಕೆ ಎಲ್ಲಿಯಾದ್ರೂ ಚಕ್ರ ತಿರುಗ್ತದೆ, ಅಂಗಡಿಗೆ ಚಕ್ರ ಇಲ್ಲ.’

ಮಾವ ಟಿ.ವಿ.ಯ ಕಡೆ ಕೈ ತೋರಿಸಿದರು. ‘ಗಂಡಸು ಹೆಂಡತಿ ಮನೆಯಲ್ಲಿ ಕೂತ್ರೆ ಎಂತ ಆಗ್ತದೆ ಅಂತ ದಿನಾ ತೋರಿಸ್ತಾರೆ. ಮೊನ್ನೆ ಅವನ ಊಟದ ಬಟ್ಟಲು ನಾಯಿಗೆ ಇಟ್ರು.’

‘ನೀವು ವಾರ್ತೆ ನೋಡ್ಲಿಕ್ಕೆ ಬರುದಲ್ವಾ?’

ಅಮ್ಮನ ಭುಜ ಸಣ್ಣಗೆ ಅಲುಗಿತು. ಮಾವ ಅದನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ‘ಜನ ಎಂತ ಹೇಳ್ತಾರೆ? ಐಟಂ ಮಾಡಿ ಮಾಡಿ ಅದೇ ಆದ ಅಂತಾರೆ.’

‘ಹೇಳ್ಲಿ. ಈ ಮನೆ ನನ್ನ ತಂಗಿದ್ದು, ನಮ್ಮ ಕಟ್ಟುಕಟ್ಟಳೆ ಪ್ರಕಾರ ನನ್ನದಲ್ಲ. ನಾಳೆ ಅವಳಿಗೆ ಮದುವೆ ಆಗಿ ಗಂಡ ಇಲ್ಲಿಗೆ ಬಂದ್ರೆ ನೀವೇ ಸಂತೋಷ ಪಡ್ತೀರಿ. ಮತ್ತೆ...’ ಇಲ್ಲಿ ನನ್ನ ನಾಲಿಗೆ ಸ್ವಲ್ಪ ಎಡವಿತು. ಕೈ ತೊಳೆಯುತ್ತಿದ್ದವರನ್ನು ಎಳೆದು ತರಲು ಮನಸ್ಸಿರಲಿಲ್ಲ. ಆದರೆ ಬಿಟ್ಟುಕೊಡುವ ಮನಸ್ಸೂ ಇರಲಿಲ್ಲ. ‘ಮತ್ತೆ, ಅಪ್ಪ ಬಂದದ್ದು ಎಲ್ಲಿಂದ?’



‘ಬಾವನ ವಿಷಯ ಬೇರೆ’ ಎಂದರು ಮಾವ, ತುಸು ತಡವರಿಸಿ. ‘ಬಾವ ಮನೆಯವ.’

ಅಪ್ಪ ಕೈ ಒರೆಸಿಕೊಳ್ಳುತ್ತಾ ಮೆಟ್ಟಿಲು ಹತ್ತಿದರು. ಜಾಸ್ತಿ ಮಾತಾಡುವವರಲ್ಲ, ಕಲ್ಲಿನ ಮೇಲೆ ಕಲ್ಲಿಡುವ ಹಾಗೆ ಒಂದೊಂದೇ ಮಾತು. ‘ಬೇರೆ ಎಂತದ್ದಿಲ್ಲ. ಸೀರಿಯಲ್ ಬರುವ ಮೊದಲು ನಾನು ಮೇಸ್ತ್ರಿ. ಬಂದ ಮೇಲೆ ಮನೆ ಅಳಿಯ ಆದೆ ಅಂತ ನನಗೂ ಕಂಡಿತ್ತು. ಯಾರೂ ಹೇಳದಿದ್ರೆ ನಾನ್ಯಾಕೆ ಹೇಳುದು ಅಂತ ಸುಮ್ಮನಿದ್ದೆ.’ ಚಾ ಲೋಟ ಎತ್ತಿಕೊಂಡು ಪರದೆಯನ್ನು ನೋಡಿದರು. ‘ಆ ಮನುಷ್ಯನ ಮೇಲೆ ನನಗೆ ಒಂದೇ ಸಿಟ್ಟು. ಇಡೀ ದಿನ ಮನೆಯಲ್ಲಿ ಇರ್ತಾನೆ, ಆ ಪಾಗಾರದ ಗೋಡೆಯ ಒಂದು ಕಲ್ಲಾದ್ರೂ ಸರಿ ಮಾಡ್ಬಾರ್ದಾ? ಓರೆ ಉಂಟು.’

ಮಾವ ನಕ್ಕರು. ನಕ್ಕಮೇಲೆ ಅವರಿಗೆ ಸಿಟ್ಟು ಮುಂದುವರಿಸಲು ಆಗಲಿಲ್ಲ. ‘ಹುಡುಗಿ ಮನೆಯವರ ಹತ್ರ ಮಾತಾಡುವ’ ಎಂದು ಎದ್ದು ಹೋದರು. ಅಂದು ವಾರ್ತೆ ಶುರುವಾಗುವ ಮೊದಲೇ.

ಗೆದ್ದೆ ಎಂದುಕೊಂಡೆ. ಅಮ್ಮ ಇನ್ನೂ ಒಂದು ಮಾತೂ ಆಡಿರಲಿಲ್ಲ ಎಂಬುದು ಮರುದಿನ ಬೆಳಿಗ್ಗೆ ದೋಸೆಯ ಎದುರು ಕೂತಾಗ ಹೊಳೆಯಿತು. ದೋಸೆ ಕರಟಿತ್ತು. ಅಮ್ಮನ ದೋಸೆ ಕರಟುವುದಿಲ್ಲ.

‘ನಿನಗೂ ಜನ ಎಂತ ಹೇಳ್ತಾರೆ ಅಂತಲಾ?’

‘ಜನರಿಗೆ ಬೆಂಕಿ ಬೀಳ್ಲಿ’ ಎಂದಳು ಅಮ್ಮ, ಕಾವಲಿಯ ಕಡೆಗೇ ತಿರುಗಿ. ‘ಎಷ್ಟು ವರ್ಷದಿಂದ ಆ ಅತ್ತೆಯಂದಿರನ್ನು ನೋಡ್ತಾ ಇದ್ದೇನೆ ನಾನು. ಒಂದೊಂದು ಸಲ ಅವಳು ಸೊಸೆಗೆ ಬೈಯುವಾಗ ಗ್ರಹಿಸ್ತೇನೆ, ನಾನು ಹೀಗೆ ಮಾಡ್ಲಿಕ್ಕಿಲ್ಲ. ನನ್ನ ಸೊಸೆ ಬಂದ್ರೆ ಮೊದಲ ದಿನವೇ ಹೇಳ್ತೇನೆ, ನೀನು ಮಲಗು ಮಗಾ, ಚಾ ನಾನು ಮಾಡ್ತೇನೆ ಅಂತ. ಅವಳನ್ನು ಎಲ್ಲಿ ಕೂರ್ಸುದು ಅಂತ ಸಹ ನೋಡಿ ಇಟ್ಟಿದ್ದೆ, ಕಿಟಕಿ ಹತ್ರ, ಗಾಳಿ ಬರುವಲ್ಲಿ. ಒಳ್ಳೆ ಅತ್ತೆ ಆಗ್ಬೇಕು ಅಂತ ಇತ್ತು ನನಗೆ. ನೀನು ಬಿಡ್ಲಿಲ್ಲ.’

ಅಷ್ಟೂ ಕಾಲ ಅಮ್ಮ ಆ ಕೆಟ್ಟ ಅತ್ತೆಯನ್ನು ನೋಡಿದ್ದು ಸಮಯ ಕಳೆಯಲಿಕ್ಕಲ್ಲ. ಪರೀಕ್ಷೆಗೆ ಓದುವ ಹಾಗೆ, ಯಾವುದನ್ನು ಬರೆಯಬಾರದು ಎಂದು ಗುರುತು ಹಾಕಿಕೊಳ್ಳುತ್ತಾ. ಈಗ ನಾನು ಪರೀಕ್ಷೆಯನ್ನೇ ರದ್ದು ಮಾಡಿದ್ದೆ.

‘ತಂಗಿಯ ಗಂಡ ಬರ್ತಾನಲ್ಲ ಅಮ್ಮ. ಅವನಿಗೆ ಒಳ್ಳೆ ಅತ್ತೆ ಆಗು.’

‘ಗಂಡು ಮಗುವಿಗೆ ಅತ್ತೆ ಆಗುದು ಹೇಗೆ ಅಂತ ಯಾವ ಸೀರಿಯಲ್‌ನಲ್ಲೂ ತೋರಿಸ್ಲಿಲ್ಲ’ ಎಂದಳು. ಆಮೇಲೆ ಕರಟಿದ ದೋಸೆಯನ್ನು ನನ್ನ ತಟ್ಟೆಯಿಂದ ತೆಗೆದು ತನ್ನದಕ್ಕೆ ಹಾಕಿಕೊಂಡು ಹೊಸದು ಹುಯ್ದಳು. ‘ನೀನು ಹೋಗುದು ಹೌದೇ ಹೌದಾ?’

‘ಹೌದೇ ಹೌದು.’

‘ಹಾಗಾದ್ರೆ ಸರಿ ಹೋಗು. ಅರ್ಧ ಅಲ್ಲಿ ಅರ್ಧ ಇಲ್ಲಿ ಅಂತ ಮಾಡ್ಬೇಡ. ಆ ಹುಡುಗಿಗೆ ಅದು ಸರಿ ಆಗುದಿಲ್ಲ.’

ಇನ್ನು ವೇಣೂರಿನ ಸ್ಟ್ಯಾಂಡು. ರಿಕ್ಷಾದವರ ಲೋಕ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಹೊರಗಿನ ಗಾಡಿ ಬಂದು ಸ್ಟ್ಯಾಂಡಿನಲ್ಲಿ ನಿಲ್ಲುವುದೆಂದರೆ ಮದುವೆ ಊಟದಲ್ಲಿ ಕರೆಯದೆ ಕೂತ ಹಾಗೆ. ಇದ್ದವರೆಲ್ಲ ಒಪ್ಪಬೇಕು. ನಾನು ಹೋಗಿ ಕೈಮುಗಿದು ವಿಷಯ ಹೇಳಿದೆ. ಅಲ್ಲಿನ ಹಿರಿಯ ಚಾಲಕರು ಬ್ಯಾರಿ ಮುಸ್ಲಿಮರು, ಎಲ್ಲರಿಗೂ ಕಾಕ; ಗಂಭೀರವಾಗಿ ಕೇಳಿಸಿಕೊಂಡರು, ಗಡ್ಡ ನೀವಿಕೊಂಡರು, ಆಮೇಲೆ ಒಮ್ಮೆ ಜೋರಾಗಿ ಕೆಮ್ಮಿದರು. ಅಷ್ಟೇ, ರಿಕ್ಷಾದೊಳಗಿದ್ದವರೆಲ್ಲ ಹೊರಗೆ ಹಾರಿ ಕೈಕಟ್ಟಿ ನಿಂತರು. ನನ್ನ ಐಟಮ್ಮನ್ನು ನನಗೇ, ಅದೂ ಗುಂಪಿನಲ್ಲಿ! ನಿಜ ಹೇಳಬೇಕೆಂದರೆ ಟೈಮಿಂಗು ನನಗಿಂತ ಚೆನ್ನಾಗಿತ್ತು.

‘ನೀನು ಬೇಜಾರು ಮಾಡ್ಬೇಡ ಮಾರಾಯ’ ಎಂದರು ಕಾಕ. ‘ನನ್ನ ಹೆಂಡತಿಯ ಮನೆಯಲ್ಲೇ ನಾನು ಸಹ ಇರುದು. ನಮ್ಮಲ್ಲಿ ಹೊಸ ಮದುಮಗ, ಪುದಿಯಾಪ್ಳೆ ಅಂತ ರಾಜನ ಹಾಗೆ ನೋಡ್ತಾರೆ. ನಿಮ್ಮ ಟಿ.ವಿ.ಯವರು ಒಮ್ಮೆ ಬಂದು ನೋಡ್ಬೇಕಿತ್ತು.’

‘ಹಾಗಾದ್ರೆ ನಿಲ್ಲಿಸ್ಬಹುದಾ?’

‘ನಿಲ್ಸು. ಲೈನಿನಲ್ಲಿ ಕೊನೆಗೆ. ರಾಜನೂ ಲೈನಿಗೆ ಬರ್ಬೇಕು.’

ಅವರು ಇನ್ನೂ ಎಷ್ಟು ಸಲ ಕೆಮ್ಮಿಯಾರು ಎಂದು ನನಗೆ ಗೊತ್ತಿತ್ತು. ಕೆಮ್ಮಲಿ. ಅವರ ಕೆಮ್ಮು ನಿಲ್ಲುವವರೆಗೂ ದಿನಾ ಬಂದು ನಿಲ್ಲುತ್ತೇನೆ ಎಂದು ಅಲ್ಲೇ ತೀರ್ಮಾನಿಸಿದೆ.

ಮದುವೆ ಮೂಡುಬಿದಿರೆಯ ಒಂದು ಹಾಲ್‌ನಲ್ಲಿ. ಧಾರೆ ಮುಗಿಯಿತು, ಊಟ ಮುಗಿಯಿತು. ಆಮೇಲೆ ಒಪ್ಪಿಸಿಕೊಡುವ ಶಾಸ್ತ್ರ. ಸಾಮಾನ್ಯವಾಗಿ ಹುಡುಗಿಯ ಸೋದರಮಾವ ಅವಳ ಕೈಯನ್ನು ಹುಡುಗನ ಮನೆಯವರ ಕೈಯಲ್ಲಿಟ್ಟು ‘ಇನ್ನು ನಿಮ್ಮ ಮಗಳು, ತಪ್ಪಿದ್ದರೆ ತಿದ್ದಿ’ ಎನ್ನಬೇಕು, ಎಲ್ಲರೂ ಅಳಬೇಕು. ಆ ದಿನ ಯಾರನ್ನು ಯಾರಿಗೆ ಒಪ್ಪಿಸುವುದು ಎಂದು ಎರಡೂ ಕಡೆಯ ಹಿರಿಯರು ಮುಖ ಮುಖ ನೋಡಿದರು. ವಿಡಿಯೊದವನು ಕ್ಯಾಮರಾ ಎತ್ತಿ ‘ಬೇಗ ಬೇಗ’ ಎನ್ನುತ್ತಿದ್ದ.

ಮಾವ ಮುಂದೆ ಬಂದು ನನ್ನ ಕೈ ಹಿಡಿದರು. ಎಳೆದುಕೊಂಡು ಹೋಗಿ ಅವಳ ಅಮ್ಮನ ಕೈಯಲ್ಲಿಟ್ಟರು. ಏನೋ ದೊಡ್ಡ ಮಾತು ತಯಾರು ಮಾಡಿಕೊಂಡಿದ್ದರು. ಬಂದದ್ದು ಇಷ್ಟು: ‘ನಮ್ಮ ಹುಡುಗನಿಗೆ ಅಡಿಗೆ ಬರುದಿಲ್ಲ, ಬಟ್ಟೆ ಒಗೀಲಿಕ್ಕೆ ಬರುದಿಲ್ಲ, ಬಾಯಿ ಮಾತ್ರ ಬರ್ತದೆ. ತಪ್ಪಿದ್ರೆ ತಿದ್ದಿ.’

ಇಡೀ ಹಾಲ್ ನಕ್ಕಿತು. ‘ಅಣ್ಣ, ಆ ಸೊಸೆಯ ಅಳು ಒಂದು ಹಾಕಿ, ವಿಡಿಯೊಗೆ ಒಳ್ಳೇದಾಗ್ತದೆ’ ಎಂದ ವಿಡಿಯೊದವನು. ಬಾಯಿಯ ತುದಿಗೆ ಬಂದಿತ್ತು, ಸುಳ್ಳು ಹೇಳುವುದಿಲ್ಲ. ಹಾಕಲಿಲ್ಲ. ಮಾವ ನನ್ನ ಕೈ ಇನ್ನೂ ಬಿಟ್ಟಿರಲಿಲ್ಲ.

ಅಮ್ಮ ಎಲ್ಲರನ್ನೂ ಸರಿಸಿಕೊಂಡು ಬಂದು ಬೀಗಿತ್ತಿಯ ಎದುರು ನಿಂತಳು. ‘ಬೆಳಿಗ್ಗೆ ಇವನನ್ನು ಬೇಗ ಏಳಿಸಿ. ಮೊದಲ ಬಸ್ಸಿನ ಜನ ಇಳಿಯುವಾಗ ಸ್ಟ್ಯಾಂಡಿನಲ್ಲಿ ಇರ್ಬೇಕು. ಮನೆಯಲ್ಲಿ ಕೂತ ಅಂತ ಒಬ್ಬನೂ ಹೇಳ್ಬಾರ್ದು.’

‘ಕೂರ್ಲಿಕ್ಕೆ ನಮ್ಮಲ್ಲಿ ಜಾಗ ಎಲ್ಲುಂಟು?’ ಎಂದರು ಅವಳ ಅಮ್ಮ. ‘ಎಲ್ಲಾ ಕಡೆ ಬಟ್ಟೆ.’

ಅಮ್ಮ ನಕ್ಕಳು, ಸೆರಗಿನಲ್ಲಿ ಕಣ್ಣೂ ಒರೆಸಿಕೊಂಡಳು. ಆಮೇಲೆ ನನ್ನ ಹೆಂಡತಿಯ ಕೆನ್ನೆ ಮುಟ್ಟಿ, ‘ನಮ್ಮಲ್ಲಿಗೆ ಬಂದಾಗ ನೀನು ಬೇಗ ಏಳ್ಬೇಡ ಮಗಾ, ಚಾ ನಾನು ಮಾಡ್ತೇನೆ’ ಎಂದಳು. ಯಾವ ಸಂಗೀತವೂ ಇರಲಿಲ್ಲ, ಕ್ಯಾಮರಾ ಕೂಡ ಆ ಕಡೆ ಇರಲಿಲ್ಲ.

ಹೊರಗೆ ನನ್ನದೇ ರಿಕ್ಷಾಕ್ಕೆ ಹೂವು ಕಟ್ಟಿದ್ದರು. ಹಿಂದೆ ಹೆಂಡತಿ, ಅವಳ ಅಮ್ಮ. ಮುಂದೆ ಪೇಟ ತೆಗೆದಿಟ್ಟು ನಾನು. ಒಪ್ಪಿಸಿಕೊಟ್ಟ ಗಂಡು ತಾನೇ ಗಾಡಿ ಓಡಿಸಿಕೊಂಡು ಹೋಗುವುದನ್ನು ನೋಡಲು ಗೇಟಿನ ತನಕ ಜನ ಬಂದಿದ್ದರು. ಅಪ್ಪ ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟಿದ್ದ ಕಲ್ಲನ್ನು ತೆಗೆದು ಬದಿಗಿಟ್ಟರು. ನಾನು ಕನ್ನಡಿಯಲ್ಲಿ ಅಮ್ಮನನ್ನು ಹುಡುಕುತ್ತಿದ್ದೆ. ಅವಳು ಪಕ್ಕದಲ್ಲೇ ಬಂದು ನಿಂತಿದ್ದಳು.

‘ಕನ್ನಡಿ ನೋಡ್ಬೇಡ’ ಎಂದಳು. ‘ರಸ್ತೆ ನೋಡು.’

ಗೇರು ಹಾಕಿದೆ.